ಬೆತ್ತಕ್ಕೆ ಒಪ್ಪಿಗೆ ಕೊಡಲು ನಾವ್ಯಾರು?

"ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದ್ರೂ ಹೊಡೀರಿ ಮೇಷ್ಟ್ರೇ, ಬುದ್ಧಿ ಬಂದ್ರೆ ಸಾಕು." ಹೀಗೆ ಹೇಳುವ ಅಪ್ಪಂದಿರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಆ ಒಪ್ಪಿಗೆ ಕೊಡುವ ಅಧಿಕಾರ ನಿಮಗಿಲ್ಲ ಸ್ವಾಮಿ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 17ನೇ ಸೆಕ್ಷನ್ ಮಗುವಿಗೆ ಹೊಡೆಯುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಎಲ್ಲರೆದುರು "ದಡ್ಡ" ಎಂದು ಹೀಯಾಳಿಸುವುದೂ, ಜಾತಿ ಎತ್ತಿ ಆಡುವುದೂ ಹಿಂಸೆಯೇ.

"ಹೊಡೆಯದಿದ್ದರೆ ಮಕ್ಕಳು ಹತೋಟಿಗೆ ಬರ್ತಾವಾ?" ಬೆತ್ತದಿಂದ ತರಗತಿ ಸುಮ್ಮನಾಗುತ್ತದೆ, ಕಲಿಯುವುದಿಲ್ಲ. ಹೆದರಿದ ಮಗು "ಗೊತ್ತಾಗಲಿಲ್ಲ" ಎನ್ನುವುದಿಲ್ಲ. ಪಕ್ಕದವರದ್ದು ನೋಡಿ ಬರೆಯುತ್ತದೆ, ಮರುದಿನ ಹೊಟ್ಟೆನೋವು ಎನ್ನುತ್ತದೆ.

ಬೇರೆ ದಾರಿ ನಮ್ಮ ರಾಜ್ಯದಲ್ಲೇ ಇದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿಯಲ್ಲಿ ಮಕ್ಕಳು ಗುಂಪಾಗಿ ಕೂತು, ಕಾರ್ಡು ಹಿಡಿದು, ತಮ್ಮ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಲಿಯುತ್ತಾರೆ. ಹಿಂದೆ ಬಿದ್ದ ಮಗುವಿಗೆ ಏಟಲ್ಲ, ಇನ್ನೊಂದು ಅವಕಾಶ. ಮೂರನೇ ತರಗತಿವರೆಗೆ ಸರಿಯಾದದ್ದು ನಾಲ್ಕನೇ ತರಗತಿಯಲ್ಲಿ ತಪ್ಪಾಗುತ್ತದೆಯೇ?

ಒಬ್ಬರೇ ಶಿಕ್ಷಕರು ನಾಲ್ಕೈದು ತರಗತಿ ನೋಡುವ ಕಷ್ಟ ನಿಜ. ಪ್ರಾಥಮಿಕ ತರಗತಿಗಳಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ. ಶಿಕ್ಷಕರನ್ನು ಕೊಡಿ ಎಂದು ಸರ್ಕಾರವನ್ನು ಕೇಳೋಣ. ಆ ಸಿಟ್ಟು ಮಗುವಿನ ಬೆನ್ನ ಮೇಲೆ ಬೀಳುವುದು ಬೇಡ.

ಎಸ್‌ಡಿಎಂಸಿಯಲ್ಲಿ ಇರುವವರು ಹೆಚ್ಚಾಗಿ ಪೋಷಕರೇ. ಮುಂದಿನ ಸಭೆಯಲ್ಲಿ ಸುಣ್ಣಬಣ್ಣದ ಲೆಕ್ಕದ ಜೊತೆ ಇದನ್ನೂ ಕೇಳಿ: ನಮ್ಮ ಶಾಲೆಯಲ್ಲಿ ಬೆತ್ತ ಇದೆಯಾ? ಇದ್ದು, ಯಾರೂ ಕಿವಿಗೊಡದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ದುಡ್ಡು ಹೋಗುವುದಿಲ್ಲ.