ಧಾರಣೆಗೆ ಕಟ್ಟಿಹಾಕದ ಭರವಸೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ನಾಳೆಯ ಮಾತೆಂದರೆ ಕೊಬ್ಬರಿ ಧಾರಣೆಯ ಮಾತು. ಅಟ್ಟಕ್ಕೇರಿಸಿದ ಕಾಯಿ ಒಣಗಿ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೆರಡು ತಿಂಗಳು ಬೇಕು. ಸಾಲ, ಮದುವೆ, ಮಕ್ಕಳ ಫೀಸು ಎಲ್ಲವೂ ಅಲ್ಲಿಯವರೆಗೆ ಕಾಯಬೇಕು. 2023ರಲ್ಲಿ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗೆ ಕುಸಿಯಿತು. 2025ರಲ್ಲಿ ಇಪ್ಪತ್ತು ಸಾವಿರ ದಾಟಿತು. ಸಾಲ ಕೊಟ್ಟವರ ಕಾಟಕ್ಕೆ ಮೊದಲೇ ಮಾರಿಕೊಂಡವನಿಗೆ ಆ ಏರಿಕೆಯಿಂದ ಬಿಡಿಗಾಸೂ ದಕ್ಕಲಿಲ್ಲ. ಒಳ್ಳೆಯ ಕಾಲ ಬಂದೇ ಬರುತ್ತದೆ ಎಂಬ ಸಮಾಧಾನ ಇಂಥವನ ಮುಂದೆ ನಿಲ್ಲದು. ಕ್ರೈಸ್ತ ಭರವಸೆಯೂ ಇಷ್ಟೇ ಆಗಿದ್ದರೆ ಅದನ್ನು ಕುರಿತು ಬರೆಯುವ ಅಗತ್ಯವಿರಲಿಲ್ಲ.

ಬೈಬಲಿನ ಹಬಕ್ಕೂಕನ ಗ್ರಂಥ ಮೂರೇ ಅಧ್ಯಾಯದ್ದು. ಅಂಜೂರ, ದ್ರಾಕ್ಷಿಯಿಂದ ಹಿಡಿದು ಕುರಿಹಟ್ಟಿ, ದನದ ಕೊಟ್ಟಿಗೆಯವರೆಗೆ ಎಲ್ಲವೂ ಬರಿದಾಗುವುದನ್ನು ಅದರ ಕೊನೆಯಲ್ಲಿ ಪ್ರವಾದಿ ಒಂದೊಂದಾಗಿ ಎಣಿಸುತ್ತಾನೆ. ಮುಂದಿನ ವರ್ಷ ಬೆಳೆ ಬಂದೀತೆಂದು ಹೇಳುವುದಿಲ್ಲ. ಆದರೂ ದೇವರಲ್ಲಿ ನಲಿಯುತ್ತಾನೆ. ಇದು ಬಡವನನ್ನು ಸುಮ್ಮನಿರಿಸುವ ಅಫೀಮು ಎನ್ನುವವರು ಅದೇ ಗ್ರಂಥದ ಆರಂಭವನ್ನು ಓದಬೇಕು: ನ್ಯಾಯ ಸತ್ತಿದೆ, ನೀನೇಕೆ ಕೇಳಿಸಿಕೊಳ್ಳುತ್ತಿಲ್ಲ ಎಂಬ ಜಗಳವೇ ಅಲ್ಲಿ ಮೊದಲು. ದೇವರನ್ನೇ ಹೀಗೆ ದಬಾಯಿಸುವ ನಂಬಿಕೆ ಸರ್ಕಾರದೆದುರು ಬಾಯಿ ಮುಚ್ಚಿಕೊಂಡಿರಲು ಕಲಿಸಲಾರದು. ಬೈಬಲಿನ ಇನ್ನೊಂದು ಗ್ರಂಥದಲ್ಲಿ, ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರಾದರೋ ಅವನ ನೋವಿಗೆ ಅವನ ಪಾಪವನ್ನೇ ಕಾರಣವಾಗಿ ಹುಡುಕಿದರು. ಕೊನೆಗೆ ದೇವರು ಗದರಿದ್ದು ಅವರನ್ನು. (ಯಾವ ಹರಕೆ ತಪ್ಪಿಸಿದೆಯೋ ಎಂದು ಕೇಳುವವರು ನಮ್ಮೂರುಗಳಲ್ಲೂ ಕಡಿಮೆಯಿಲ್ಲ.) ಕೃಪೆ ಎಂಬುದು ಅರ್ಹತೆಯ ಲೆಕ್ಕ ಕೇಳದೆ ಬರುವಂಥದ್ದು, ಸೋತವನಿಗೆ ಬೇಕಾದದ್ದೂ ಅದೇ.

ಕೃಪೆಯ ಮಾತಾಡುವ ನೀವೇ ಕಷ್ಟಕಾಲದಲ್ಲಿ ಅನ್ನ ಕೊಟ್ಟು ಮತಾಂತರ ಮಾಡಿದಿರಲ್ಲ ಎಂದು ಕ್ರೈಸ್ತರ ಮೇಲಿರುವ ಆಕ್ಷೇಪ ಹಳೆಯದು, ತಳ್ಳಿಹಾಕುವಂಥದ್ದೂ ಅಲ್ಲ. 1876-78ರ ಧಾತು-ಈಶ್ವರ ಬರದ ಹೊಡೆತಕ್ಕೆ, 1871ರಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕಿಳಿಯಿತು. ಆಗ ವೆಸ್ಲಿಯನ್ ಮಿಷನ್ ತುಮಕೂರು, ಹಾಸನಗಳಲ್ಲಿ ತಬ್ಬಲಿ ಮಕ್ಕಳನ್ನು ಸಾಕಿತು. ಸಾಕಿದ ಮಕ್ಕಳನ್ನು ಕ್ರೈಸ್ತರನ್ನಾಗಿಯೇ ಬೆಳೆಸಿತು. ಆ ಮಕ್ಕಳು ಬದುಕಿದ್ದು ಸಣ್ಣ ಸಂಗತಿಯಲ್ಲ. ಆದರೆ ಪ್ರತಿಫಲ ಬಯಸಿ ಕೊಟ್ಟದ್ದೆಷ್ಟೋ ಅಷ್ಟು ಕೃಪೆಯಲ್ಲ. ಹೀಗೆ ಹೇಳಲು ಹೊರಗಿನ ಟೀಕಾಕಾರರೇ ಬೇಕಿಲ್ಲ, ಕ್ರೈಸ್ತರ ಗ್ರಂಥವೇ ಸಾಕು. ಇಂದಿನ ಕ್ರೈಸ್ತ ಸಭೆಗಳಿಗೂ ಇದೇ ಅಳತೆ. ಸಾಲದಲ್ಲಿ ಮುಳುಗಿದವನ ಮನೆಗೆ ಹೋಗುವ ಸಭೆಯವರು ಕಾರಣ ಕೇಳುವುದನ್ನೂ ಉಪದೇಶವನ್ನೂ ಬಿಡಲಿ; ಬೆಂಬಲ ಬೆಲೆಯ ನಾಫೆಡ್ ಖರೀದಿಗೆ ನೋಂದಣಿ ಶುರುವಾದಾಗ, ಅವನು ಯಾವ ಮತದವನೇ ಆಗಿರಲಿ, ಅವನ ಜೊತೆ ಸರದಿಯಲ್ಲಿ ನಿಲ್ಲಲಿ.