ಶಿಕ್ಷೆಯಲ್ಲ, ಚಿಕಿತ್ಸೆ ಬೇಕು
ಮಾದಕ ವ್ಯಸನಿಯನ್ನು ಅಪರಾಧಿಯಂತೆ ಬೆನ್ನಟ್ಟಿದರೆ ಆತ ಚಟ ಬಿಡುವುದಿಲ್ಲ, ಆಸ್ಪತ್ರೆಯಿಂದ ದೂರ ಸರಿಯುತ್ತಾನೆ. ಒಂದೇ ಸೂಜಿ ಹಲವರ ಕೈ ದಾಟುತ್ತದೆ, ಅದರೊಂದಿಗೆ ಎಚ್‌ಐವಿಯೂ ಹರಡುತ್ತದೆ.

ಪೋರ್ಚುಗಲ್ 2001ರಲ್ಲಿ ದಾರಿ ಬದಲಿಸಿತು. ಹತ್ತು ದಿನಗಳ ಸ್ವಂತ ಬಳಕೆಗೆ ಮೀರದ ಮಾದಕವಸ್ತು ಇಟ್ಟುಕೊಳ್ಳುವುದು ಅಲ್ಲಿ ಕ್ರಿಮಿನಲ್ ಅಪರಾಧವಲ್ಲ. ಸಿಕ್ಕಿಬಿದ್ದವರು ಪರಿಣತರ ಸಮಿತಿಯ ಮುಂದೆ ಹಾಜರಾಗುತ್ತಾರೆ. ಮಾರಾಟಕ್ಕೆ ಮಾತ್ರ ಶಿಕ್ಷೆ ಮುಂದುವರಿದಿದೆ. ಶುದ್ಧ ಸೂಜಿ ಮತ್ತು ಮೆಥಡೋನ್ ಎಂಬ ಬದಲಿ ಔಷಧದ ಚಿಕಿತ್ಸೆಯ ಬೆಂಬಲವೂ ಸೇರಿ, ವ್ಯಸನಿಗಳಲ್ಲಿ ವರ್ಷಕ್ಕೆ ಸಾವಿರದಷ್ಟು ಪತ್ತೆಯಾಗುತ್ತಿದ್ದ ಹೊಸ ಎಚ್‌ಐವಿ ಪ್ರಕರಣಗಳು ಎರಡು ದಶಕಗಳೊಳಗೆ ನೂರಕ್ಕೂ ಕೆಳಗಿಳಿದವು.

ಇದಕ್ಕೆ ವಿರುದ್ಧವಾದ ಪಾಠ ಕ್ರೈಮಿಯಾದ್ದು. ಮೆಥಡೋನ್ ನಿಷೇಧಿಸಿರುವ ರಷ್ಯಾ 2014ರಲ್ಲಿ ಆ ಪ್ರದೇಶವನ್ನು ವಶಪಡಿಸಿಕೊಂಡಾಗ ಸುಮಾರು 800 ಮಂದಿಯ ಚಿಕಿತ್ಸೆ ನಿಂತಿತು. ಹಲವರು ಪ್ರಾಣ ಕಳೆದುಕೊಂಡರು.

ನಮ್ಮಲ್ಲೂ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಶುದ್ಧ ಸೂಜಿ, ಬದಲಿ ಔಷಧ ಕೊಡುತ್ತದೆ. ಆದರೆ 1985ರ ಮಾದಕವಸ್ತು ಕಾಯ್ದೆ ಸೇವನೆಗೂ ಜೈಲು ವಿಧಿಸುತ್ತದೆ. ಒಂದು ಕೈ ಔಷಧ ನೀಡುವಾಗ ಇನ್ನೊಂದು ಕೈ ಬೇಡಿ ತೊಡಿಸಬಾರದು. ಸಂಸತ್ತು ಈ ಕಾಯ್ದೆಯನ್ನು ತಿದ್ದಿ, ವ್ಯಸನಿಯನ್ನು ರೋಗಿಯೆಂದು ಕಾಣಬೇಕು.