ಇಥನಾಲ್ ಪಾಠ ಎಲ್ಲಿ ನಿಲ್ಲುತ್ತದೆ?

ಹತ್ತನೆಯ ತರಗತಿಯ ‘ಕಾರ್ಬನ್ ಮತ್ತು ಅದರ ಸಂಯುಕ್ತಗಳು’ ಘಟಕವನ್ನು ನಮ್ಮ ಪ್ರಶಿಕ್ಷಣಾರ್ಥಿಗಳು ಪ್ರತಿ ವರ್ಷ ಪ್ರಾಯೋಗಿಕ ಬೋಧನೆಗೆ ಆರಿಸಿಕೊಳ್ಳುತ್ತಾರೆ. ಚಾರ್ಟು ಚೆನ್ನಾಗಿರುತ್ತದೆ, ಕಪ್ಪುಹಲಗೆ ಸಾರಾಂಶವೂ ಅಚ್ಚುಕಟ್ಟು. ಕೊನೆಗೆ ‘ಇಥನಾಲ್‌ನ ಮೂರು ಉಪಯೋಗಗಳನ್ನು ಬರೆಯಿರಿ’ ಎಂಬ ಗೃಹಪಾಠ. ನನ್ನ ತಕರಾರು ಈ ಕೊನೆಯ ಬಗ್ಗೆ. ಪಾಠಕ್ಕೆ ನಿಜವಾಗಿ ರುಚಿ ಹತ್ತುವ ಹೊತ್ತಿಗೆ ನಾವು ಪುಸ್ತಕ ಮುಚ್ಚಿಸುತ್ತೇವೆ.

ನಮ್ಮದು ಭೀಮಾ ತೀರದ ಕಬ್ಬಿನ ಸೀಮೆ. ಇಂಡಿ ತಾಲ್ಲೂಕಿನ ಮರಗೂರಿನಲ್ಲೇ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಕಾಣದ ಮಗು ಇಲ್ಲಿಲ್ಲ. ಕಾಕಂಬಿಯನ್ನು ಹುದುಗಿಸಿ ಬಟ್ಟಿ ಇಳಿಸಿದರೆ ಇಥನಾಲ್ ಬರುತ್ತದೆ ಎಂಬಲ್ಲಿಗೆ ನಮ್ಮ ಪಾಠ ಮುಗಿಯುತ್ತದೆ. ಆದರೆ ಎಷ್ಟೇ ಸಲ ಬಟ್ಟಿ ಇಳಿಸಿದರೂ ತೂಕದಲ್ಲಿ ಸುಮಾರು ಶೇ. 95.6ರ ಆಚೆ ಅದು ಏರುವುದಿಲ್ಲ. ಆ ಹಂತದಲ್ಲಿ ನೀರು, ಇಥನಾಲ್ ಎರಡೂ ಸುಮಾರು 78.2 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೇ ದ್ರವದಂತೆ ಕುದಿಯುತ್ತವೆ. ಪೆಟ್ರೋಲಿಗೆ ಬೆರೆಸಬೇಕಾದರೆ ಶೇ. 99.5ಕ್ಕಿಂತ ಶುದ್ಧವಾದದ್ದು ಬೇಕು. ಉಳಿದ ಆ ನಾಲ್ಕು ಪಾಲು ನೀರನ್ನು ತೆಗೆಯುವುದು ಹೇಗೆ?

ಡಿಸ್ಟಿಲರಿಗಳಲ್ಲಿ ಇದಕ್ಕೆ ಜಿಯೋಲೈಟ್ ಬಳಸುತ್ತಾರೆ. ಅದರ ರಂಧ್ರದ ಅಳತೆ ಸುಮಾರು 0.3 ನ್ಯಾನೋಮೀಟರ್. ನೀರಿನ ಅಣು ಒಳಗೆ ಹೋಗುತ್ತದೆ, ಇಥನಾಲ್‌ನ ಅಣು ಹೊರಗೇ ಉಳಿಯುತ್ತದೆ. ಜರಡಿ ಎಂದರೆ ಮಕ್ಕಳಿಗೆ ತಕ್ಷಣ ತಿಳಿಯುತ್ತದೆ, ಆದರೆ ಇಲ್ಲಿ ಸಣ್ಣದು ಕೆಳಗೆ ಬೀಳುವ ಬದಲು ಜರಡಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಸಿಕ್ಕ ನೀರನ್ನು ಹೊರಹಾಕಿ ಜಿಯೋಲೈಟನ್ನು ಮತ್ತೆ ಒಣಗಿಸಲು ಶಕ್ತಿ ಖರ್ಚಾಗುತ್ತದೆ. ಹಾಗಾದರೆ ನೀರನ್ನು ಮಾತ್ರ ದಾಟಿಸುವ ಪಾಲಿಮರ್ ಪೊರೆ ಮಾಡಬಹುದೇ? ಈ ಪ್ರಶ್ನೆಯ ಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರೊ. ತೇಜರಾಜ ಅಮೀನಭಾವಿ ಮತ್ತು ಅವರ ವಿದ್ಯಾರ್ಥಿಗಳು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಕೈಗಾರಿಕಾ ರಸಾಯನಶಾಸ್ತ್ರ, ಪದಾರ್ಥ ವಿಜ್ಞಾನ ಎಂಬ ದೊಡ್ಡ ಹೆಸರುಗಳ ಒಳಗಿರುವುದು ಇಂಥ ಕೆಲಸವೇ. ಬಸವನ ಬಾಗೇವಾಡಿ ಕಡೆಯ ಕೂಡಗಿ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿಯೂ ಅಂಥದೇ ವಸ್ತು. ಅದನ್ನು ಸಿಮೆಂಟು, ಇಟ್ಟಿಗೆಗಳಲ್ಲಿ ಇನ್ನೂ ಚೆನ್ನಾಗಿ ಬಳಸುವುದು ಹೇಗೆ ಎಂಬುದೂ ಸಂಶೋಧನೆಯೇ. (ಸಿ.ಎನ್.ಆರ್. ರಾವ್ ಅವರಿಗೆ 2014ರಲ್ಲಿ ಭಾರತರತ್ನ ಬಂತೆಂದು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಘನವಸ್ತುಗಳ ರಸಾಯನಶಾಸ್ತ್ರದಲ್ಲಿ ಅವರು ಮಾಡಿದ್ದೇನು ಎಂದು ಯಾರೂ ಕೇಳುವುದಿಲ್ಲ.)

ನಮ್ಮ ಭಾಗದಲ್ಲಿ ವಿಜ್ಞಾನ ಓದುವುದೆಂದರೆ ಡಾಕ್ಟರ್ ಇಲ್ಲವೆ ಇಂಜಿನಿಯರ್. ಎರಡೂ ಆಗದಿದ್ದರೆ ಬಿ.ಎಸ್ಸಿ., ಆಮೇಲೆ ಬಿ.ಎಡ್. ಶಿಕ್ಷಕ ವೃತ್ತಿಯನ್ನು ಮನಸಾರೆ ಬಯಸಿ ಬಂದವರ ಬಗ್ಗೆ ನನ್ನ ಮಾತಿಲ್ಲ. ಬೇರೆ ದಾರಿ ಇದೆಯೆಂದೇ ಗೊತ್ತಿಲ್ಲದೆ ಬಂದವರೂ ನಮ್ಮ ನಡುವೆ ಇದ್ದಾರೆ, ಅವರಲ್ಲಿ ಹೆಣ್ಣುಮಕ್ಕಳು ಹೆಚ್ಚು. ‘ಇನ್ನೆಷ್ಟ ವರ್ಷ ರೊಕ್ಕ ಹಾಕೂದು?’ ಎಂದು ಮನೆಯಲ್ಲಿ ಕೇಳಿದಾಗ ಕೊಡಲು ಅವರಲ್ಲಿ ಉತ್ತರವಿರಲಿಲ್ಲ.

ಉತ್ತರ ಇದೆ. ಎಂ.ಎಸ್ಸಿ. ಆದಮೇಲೆ ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯ ರಾಸಾಯನಿಕ ವಿಜ್ಞಾನ ವಿಷಯದಲ್ಲಿ ಜೆಆರ್‌ಎಫ್ ಪಡೆದವರಿಗೆ 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ 42,000 ರೂಪಾಯಿ ಫೆಲೋಶಿಪ್ ಸಿಗುತ್ತದೆ. ಮಹಿಳೆಯರಿಗೆ ವಯೋಮಿತಿಯಲ್ಲಿ ಸಡಿಲಿಕೆಯೂ ಇದೆ. ಬಿ.ಎಸ್ಸಿ. ಆದವರು ಜಾಮ್ ಪರೀಕ್ಷೆ ಬರೆದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್.ಡಿ.ಗೆ ಪ್ರಯತ್ನಿಸಬಹುದು. ಝಳಕಿಯಿಂದ ಬೆಂಗಳೂರಿಗಿಂತ ಪುಣೆ ಹತ್ತಿರ. ಅಲ್ಲಿ 1950ರಿಂದ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ನಡೆಯುತ್ತಿದೆ.

ಹಾಗೆಂದು ಮಕ್ಕಳಿಗೆ ಬಣ್ಣದ ಕನಸು ಮಾರುವುದು ಬೇಡ. ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಬರುತ್ತದೆ. ಕನ್ನಡ ಮಾಧ್ಯಮದವರಿಗೆ ಅದು ದೊಡ್ಡ ಏರು, ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಯಲ್ಲಿ ಹಲಗೆಯ ಮೇಲೆ ಬರೆಯುವ ರೂಢಿಯನ್ನು ಎಂಟನೆಯ ತರಗತಿಯಿಂದಲೇ ಹಾಕಬೇಕು. ಪಿಎಚ್.ಡಿ.ಗೆ ಐದಾರು ವರ್ಷ ಹಿಡಿಯುತ್ತದೆ, ಮಾರ್ಗದರ್ಶಕರು ಸಿಗಬೇಕು. ಕಾರ್ಖಾನೆಯ ಪ್ರಯೋಗಾಲಯದ ಕೆಲಸವೆಲ್ಲ ಸಂಶೋಧನೆಯಲ್ಲ. ಪಾಳಿಯ ಮೇಲೆ ಮಾದರಿ ಪರೀಕ್ಷಿಸಿ ವಹಿಯಲ್ಲಿ ಬರೆಯುವುದು ಗೌರವದ ಕೆಲಸವೇ, ಆದರೆ ಅದು ಬೇರೆ. ಈ ವ್ಯತ್ಯಾಸವನ್ನೂ ಮಕ್ಕಳಿಗೆ ಬಿಡಿಸಿ ಹೇಳಬೇಕು.

‘ವೃತ್ತಿ ಮಾರ್ಗದರ್ಶನ ದಿನ’ದ ಭಾಷಣದಿಂದ ಇದು ಆಗುತ್ತದೆಂದು ನನಗೆ ನಂಬಿಕೆಯಿಲ್ಲ. ಮಾಡಬೇಕಾದದ್ದು ಪಾಠಯೋಜನೆಯ ಒಳಗೇ. ಈ ಸಲ ಇಥನಾಲ್ ಪಾಠ ಮಾಡುವವರು ಮೂರು ಉಪಯೋಗಗಳ ಗೃಹಪಾಠ ಬಿಟ್ಟು, ಶೇ. 95.6ರ ಹತ್ತಿರ ನಿಂತ ದ್ರವದಿಂದ ನೀರು ತೆಗೆಯುವ ಒಂದು ಉಪಾಯ ಬರೆದು ತರಲು ಹೇಳಲಿ. ಮಕ್ಕಳು ತಂದ ಉಪಾಯಗಳನ್ನು, ಹುಚ್ಚು ಎನಿಸುವವುಗಳನ್ನೂ ಸೇರಿಸಿ, ಪಾಠಯೋಜನೆಯ ಹಿಂದಿನ ಪುಟಕ್ಕೆ ಅಂಟಿಸಿ ನನಗೆ ತೋರಿಸಲಿ.